ಕಷ್ಟದ ಪದ ಯಾರಿಗೆ ಕಷ್ಟ?

1856ರ ಜೂನ್ ತಿಂಗಳಲ್ಲಿ ಧಾರವಾಡದ ಒಬ್ಬ ಮಹಾರ್ ಹುಡುಗ ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಸರ್ಕಾರಿ ಶಾಲೆಯಲ್ಲಿ ನನ್ನನ್ನು ಸೇರಿಸಿಕೊಳ್ಳಲಿಲ್ಲ, ಸೇರಿಸಿ ಅನ್ನುವುದು ಅರ್ಜಿಯ ಸಾರ. ಜುಲೈ 21ರಂದು ಸರ್ಕಾರದ ತೀರ್ಮಾನ ಹೊರಬಿತ್ತು. ಅರ್ಜಿದಾರನ ಪರವಾಗಿ 'ಅಬ್‌ಸ್ಟ್ರಾಕ್ಟ್ ಜಸ್ಟಿಸ್' ಇದೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಯಾರೋ ಒಬ್ಬನಿಗಾಗಿ ತಲೆತಲಾಂತರದಿಂದ ಬಂದ ಭಾವನೆಗಳಿಗೆ ದಿಢೀರನೆ ಕೈ ಹಾಕಿದರೆ ವಿದ್ಯಾಭ್ಯಾಸದ ಕೆಲಸಕ್ಕೇ ಕೇಡಾದೀತು. ತೀರ್ಮಾನದ ತಾತ್ಪರ್ಯ ಇಷ್ಟು.

ಹುಡುಗನಿಗೆ ಏನು ಸಿಕ್ಕಿತು? ಬೆಂಚು ಸಿಗಲಿಲ್ಲ, ಸ್ಲೇಟು ಸಿಗಲಿಲ್ಲ. ಒಂದು ಕಷ್ಟದ ಇಂಗ್ಲಿಷ್ ಪದ ಸಿಕ್ಕಿತು. ಅದನ್ನು ಓದುವುದಕ್ಕೆ ಬೇಕಾದ ಶಾಲೆ ಸಿಗಲಿಲ್ಲ.

'ಅಬ್‌ಸ್ಟ್ರಾಕ್ಟ್' ಅನ್ನೋದಕ್ಕೆ ನಮ್ಮ ಗೈಡುಗಳಲ್ಲಿ 'ಅಮೂರ್ತ' ಅಂತ ಅರ್ಥ ಕೊಟ್ಟಿರುತ್ತಾರೆ. ಒಂದು ಬೀಗಕ್ಕೆ ಇನ್ನೊಂದು ಬೀಗವೇ ಕೀಲಿ! ಅದರ ಲ್ಯಾಟಿನ್ ಬೇರು ನೋಡಿದರೆ ವಿಷಯ ತುಂಬ ಸರಳ: 'ಎಳೆದು ದೂರ ಮಾಡಿದ್ದು'. ಅಂದರೆ ಮನುಷ್ಯನಿಂದ, ಜಾಗದಿಂದ, ಹೊತ್ತಿನಿಂದ ಎಳೆದು ದೂರ ಇಟ್ಟ ನ್ಯಾಯ. ಹುಡುಗ ಶಾಲೆಯ ಹೊರಗೆ ನಿಂತಿದ್ದ, ನ್ಯಾಯ ಅವನಿಂದ ಇನ್ನೂ ದೂರ ನಿಂತಿತು. ಆ ತೀರ್ಮಾನ ಬರೆದ ಅಧಿಕಾರಿಗೆ ಆ ಪದ ಕಷ್ಟವಾಗಿರಲಿಲ್ಲ. ಸರಾಗವಾಗಿ ಬರೆದ. ಪದದ ಕಷ್ಟವೆಲ್ಲ ಬಿದ್ದದ್ದು ಹುಡುಗನ ಮೇಲೆ.

ಇವತ್ತು ಬಸ್ ಸ್ಟ್ಯಾಂಡಿನ ಪುಸ್ತಕದ ಅಂಗಡಿಯಲ್ಲಿ, ಹಾಸ್ಟೆಲ್ ರೂಮಿನ ಗೋಡೆಯ ಮೇಲೆ, ಹುಡುಗ ಹುಡುಗಿಯರ ಕೈಲಿರೋ ಮೊಬೈಲಿನಲ್ಲಿ ಒಂದೇ ಪಾಠ ನಡೀತಾ ಇದೆ. ದಿನಕ್ಕೆ ಹತ್ತು ಪದ. ಎಡಗಡೆ ಪದ, ಬಲಗಡೆ ಅರ್ಥ. ಬ್ಯಾಂಕ್ ಪರೀಕ್ಷೆಗೆ, ಐ.ಎ.ಎಸ್.ಗೆ, ಹೊರದೇಶಕ್ಕೆ ಹೋಗುವ ಪರೀಕ್ಷೆಗೆ. ಇದನ್ನು ನೋಡಿ ನಗುವವರಿದ್ದಾರೆ. ನಾನು ನಗಲಾರೆ. ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿ, ನಮ್ಮ ಮಕ್ಕಳಿಗೆ ಮಾತೃಭಾಷೆಯ ಮಹತ್ವ ಬೋಧಿಸುವವರ ನಗು ಅದು. ಕಲಿಯಬೇಕೋ ಬೇಡವೋ ಅನ್ನುವ ಪ್ರಶ್ನೆಯನ್ನು ನಮ್ಮ ಹೊಟ್ಟೆ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದೆ. ಉಳಿದಿರೋ ಪ್ರಶ್ನೆ ಬೇರೆ: ಒಂದು ಪದದ ಅರ್ಥ ಗೊತ್ತು ಅಂತ ಯಾವಾಗ ಹೇಳಬಹುದು? ಗೊತ್ತಾದ ಮೇಲೆ, ಗೊತ್ತಿಲ್ಲದವರ ಕಡೆಗೆ ನಮ್ಮದೇನಾದರೂ ಬಾಕಿ ಇದೆಯೇ?

(ಕನ್ನಡದಲ್ಲಿ 'ಅರ್ಥ' ಅಂದರೆ ತಿಳಿವಳಿಕೆಯೂ ಹೌದು, ದುಡ್ಡೂ ಹೌದು. ಎರಡೂ ಒಂದೇ ಕಡೆ ಶೇಖರವಾಗುವುದನ್ನು ನಮ್ಮ ಹಿರಿಯರು ನೋಡಿಯೇ ಇದ್ದರು.)

ಮೊದಲು ಒಂದು ಭ್ರಮೆ ಬಿಡಿಸಿಕೊಳ್ಳಬೇಕು. ಕಷ್ಟದ ಪದ ಇಂಗ್ಲಿಷಿನ ಜೊತೆ ಹಡಗಿನಲ್ಲಿ ಬಂದದ್ದಲ್ಲ. ಅದಕ್ಕೂ ಮುಂಚೆ ಸಂಸ್ಕೃತ ಇತ್ತು, ಕಿವಿಗೆ ಬಿದ್ದರೂ ಅಪರಾಧ ಅನ್ನುವಂತೆ. ಆಮೇಲೆ ಪಾರ್ಸಿ ಕಂದಾಯದ ಭಾಷೆ ಬಂತು. ಶಾನುಭೋಗರ ದಫ್ತರದಲ್ಲಿ ಇದ್ದದ್ದು ನಮ್ಮದೇ ಹೊಲ, ನಮ್ಮದೇ ಬದು. ಆದರೆ ಅದನ್ನು ಬರೆದ ಮಾತು ನಮಗೆ ಎಟುಕುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವ ಕಡೆ ಒತ್ತು ಅಂದರೆ ಒತ್ತಬೇಕಿತ್ತು. 1961ರ ಕಾಯಿದೆ ಆ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದು ಮಾಡಿತು. ಮಾತುಗಳು ಉಳಿದವು.

ಆ ಮಾತುಗಳಿಗೆ ಮುಂದೆ ಏನಾಯಿತು ನೋಡಿ. ತಾಲ್ಲೂಕು ಕಚೇರಿ ಮುಂದೆ ಜಮೀನಿಗಾಗಿ ಕೂತ ಮುದುಕಿಯನ್ನು ಮಾತಾಡಿಸಿ. ಅಕ್ಷರ ಬರಲ್ಲ ಅಂತಾಳೆ. ಆದರೆ ದರಖಾಸ್ತು, ಪಹಣಿ, ಖಾತೆ, ವಾರಸು, ತಕರಾರು, ಜಮಾಬಂದಿ ಎಲ್ಲ ಅವಳ ನಾಲಿಗೆಯ ಮೇಲೆ. 'ಬಗರ್ ಹುಕುಂ' ಅನ್ನೋದು ಪಾರ್ಸಿ. 'ಅಪ್ಪಣೆ ಇಲ್ಲದೆ' ಅಂತ ಅದರ ಅರ್ಥ. ಬರೀ ಅರ್ಥವಲ್ಲ, ಅದರ ಹಿಂದಿನ ಇತಿಹಾಸ, ಎಷ್ಟು ವರ್ಷ ಉತ್ತಿದ್ದರೆ ಸಕ್ರಮಕ್ಕೆ ಬರುತ್ತೆ, ಯಾವ ಫಾರಂ ತುಂಬಬೇಕು, ಯಾವ ಕಮಿಟಿ ಮುಂದೆ ಹೋಗಬೇಕು, ಎಲ್ಲವನ್ನೂ ಆಕೆ ಹೇಳಬಲ್ಲಳು. ಭೂಸುಧಾರಣೆ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಾಗ 'ಡಿಕ್ಲರೇಷನ್' ಅನ್ನುವ ಇಂಗ್ಲಿಷ್ ಪದವನ್ನು ಗೇಣಿದಾರರಿಗೆ ಯಾವ ಮೇಷ್ಟ್ರೂ ಉರು ಹೊಡೆಸಲಿಲ್ಲ. 'ಡಿಕ್ಲೇರೇಸನ್ ಹಾಕಿದೀವಿ' ಅಂತ ತಾವೇ ಅಂದರು. ಉಚ್ಚಾರ ತಪ್ಪಿರಬಹುದು, ಅರ್ಥ ಒಂದಿಷ್ಟೂ ತಪ್ಪಿರಲಿಲ್ಲ. ಏಕೆಂದರೆ ಆ ಪದಕ್ಕೆ ಎರಡು ಎಕರೆ ನೆಲ ಕಟ್ಟಿಕೊಂಡಿತ್ತು.

ಹಳ್ಳಿಯವರ ತಲೆಗೆ ದೊಡ್ಡ ಪದ ಹತ್ತೋದಿಲ್ಲ ಅನ್ನುವವರು ಈ ಮುದುಕಿಯ ಮುಂದೆ ಪರೀಕ್ಷೆಗೆ ಕೂರಲಿ.

ಇನ್ನು ಇಂಗ್ಲಿಷಿನ ಮನೆಯೊಳಗೇ ಹೋಗಿ ನೋಡೋಣ. ಅಲ್ಲಿ ಮೇಲುಕೀಳು ಇರಲಿಲ್ಲವೇ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಗೆದ್ದವರ ಮಾತು ಫ್ರೆಂಚ್, ಸೋತವರ ಮಾತು ಹಳೆಯ ಇಂಗ್ಲಿಷ್. ಕೊಟ್ಟಿಗೆಯಲ್ಲಿ ಇರುವಾಗ ಅದು 'ಕೌ', ತಟ್ಟೆಗೆ ಬಂದಾಗ 'ಬೀಫ್'. ಮೇಯುವಾಗ 'ಶೀಪ್', ಬೆಂದ ಮೇಲೆ 'ಮಟನ್'. ಕೆಸರಿನಲ್ಲಿ 'ಸ್ವೈನ್', ಪಂಕ್ತಿಯಲ್ಲಿ 'ಪೋರ್ಕ್'. ಸಗಣಿ ಬಾಚುವವನ ಪದ ಒಂದು, ಉಣ್ಣುವವನ ಪದ ಇನ್ನೊಂದು. ವಾಲ್ಟರ್ ಸ್ಕಾಟ್ 1819ರ ತನ್ನ 'ಐವನ್‌ಹೋ' ಕಾದಂಬರಿಯಲ್ಲಿ ಈ ವ್ಯತ್ಯಾಸವನ್ನು ಹಂದಿ ಕಾಯುವ ಒಬ್ಬ ಜೀತದವನಿಗೆ ಅವನ ಜೊತೆಗಾರ ವಿದೂಷಕನ ಬಾಯಿಂದ ಹೇಳಿಸುತ್ತಾನೆ. ಆ ಜೀತದವನ ಕೊರಳಲ್ಲಿ ಒಡೆಯನ ಹೆಸರು ಕೊರೆದ ಹಿತ್ತಾಳೆಯ ಪಟ್ಟಿ. ನಮಗೆ ಇದು ಹೊಸದೇನಲ್ಲ. ಮೇಯಿಸಿ, ಮೈ ತೊಳೆದು, ಸತ್ತರೆ ಹೊತ್ತು ಹಾಕುವವನಿಗೆ ಅದು ದನ. ವೇದಿಕೆ ಮೇಲೆ ಮಾತ್ರ ಗೋಮಾತೆ.

ಕಷ್ಟದ ಪದಗಳ ಪಟ್ಟಿಯಲ್ಲಿ ಬರುವ ಎಷ್ಟೋ ಬೈಗುಳಗಳು ಮೂಲದಲ್ಲಿ ದುಡಿಯುವವನ ಹೆಸರು. 'ವಿಲನ್' ಅಂದರೆ ನಮ್ಮ ಸಿನಿಮಾದ ಕೇಡಿಗ. ಹಳೆಯ ಕಾಲದಲ್ಲಿ ಅವನು ಒಡೆಯನ ಜಮೀನಿಗೆ ಕಟ್ಟುಬಿದ್ದ ಆಳು, ಅಷ್ಟೆ. 'ವಲ್ಗರ್' ಅನ್ನುವುದರ ಬೇರು 'ಜನ'. 'ಜೆಂಟಲ್', 'ಜೆನರಸ್' ಅನ್ನುವ ಒಳ್ಳೆಯ ಗುಣಗಳ ಬೇರು ಒಳ್ಳೆಯ ಕುಲದಲ್ಲಿ ಹುಟ್ಟಿದ್ದು. ಕುಲವಂತನಾದರೆ ಉದಾರಿ, ಆಳಾದರೆ ಕೇಡಿ! ಕನ್ನಡದ ಪಂಡಿತರು 'ಗ್ರಾಮ್ಯ' ಅಂತ ಮೂಗು ಮುರಿದಾಗ ಮಾಡಿದ್ದೂ ಇದನ್ನೇ. ಗ್ರಾಮದ ಮಾತು ಅನ್ನೋದೇ ದೋಷವಾಯಿತು. ಯಾವ ಭಾಷೆಯ ನಿಘಂಟನ್ನು ತೆಗೆದರೂ ಗೆದ್ದವರ ರುಜು ಇರುತ್ತದೆ.

ಆದರೆ ಒಂದು ವಿಷಯ ಮೇಷ್ಟ್ರುಗಳು ಮಕ್ಕಳಿಗೆ ಹೇಳಲೇಬೇಕು. ಇಂಗ್ಲಿಷ್ ಪದಕ್ಕೆ ಇಂಗ್ಲಿಷಿನಲ್ಲೇ ಅರ್ಥ ಕೊಡುವ ಮೊದಲ ನಿಘಂಟು ಅಂತ ಕರೆಯೋದು 1604ರಲ್ಲಿ ರಾಬರ್ಟ್ ಕಾಡ್ರಿ ಅನ್ನುವವನು ಅಚ್ಚು ಹಾಕಿಸಿದ ಪುಸ್ತಕವನ್ನು. ಅವನೂ ಶಾಲೆ ಮೇಷ್ಟ್ರೇ ಆಗಿದ್ದವನು. ಅದು ಎಲ್ಲ ಪದಗಳ ನಿಘಂಟಲ್ಲ. ಬರೀ ಕಷ್ಟದ ಪದಗಳು, ಸುಮಾರು 2,500. ಯಾರಿಗಾಗಿ? ಹೆಂಗಸರಿಗೆ ಮತ್ತು ಓದು ಬಾರದ ಇತರರಿಗೆ ಅಂತ ಪುಸ್ತಕದ ಮೊದಲ ಪುಟದಲ್ಲೇ ಹಾಕಿದ್ದ. ಲ್ಯಾಟಿನ್ ಕಲಿಸುವ ಶಾಲೆಗಳಿಗೆ ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ಚರ್ಚಿನ ಉಪದೇಶದಲ್ಲಿ, ಧರ್ಮಗ್ರಂಥದಲ್ಲಿ ಲ್ಯಾಟಿನ್ನಿನಿಂದ ತಂದ ಪದಗಳು ಸುರಿಯುತ್ತಿದ್ದವು. ಕೇಳುವವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಹಾಗಾಗಿ ಈ ಪಟ್ಟಿ. ಅಂದರೆ ಇಂಗ್ಲಿಷಿನ ನಿಘಂಟು ಹುಟ್ಟಿದ್ದೇ ಹೊರಗಿಟ್ಟವರಿಗೆ ಬಾಗಿಲು ತೆಗೆಯುವ ಕೆಲಸವಾಗಿ. ನಮ್ಮ ಹಾಸ್ಟೆಲ್ ಹುಡುಗ ಗೋಡೆಗೆ ಅಂಟಿಸಿದ ಪಟ್ಟಿ ಆ ವಂಶದ್ದು. ಅದಕ್ಕೆ ನಾಚಬೇಕಾಗಿಲ್ಲ.

ನಾಚಬೇಕಾದ್ದು ಆ ಪಟ್ಟಿ ಜರಡಿಯಾದಾಗ. ಅಮೆರಿಕದಲ್ಲಿ ಕಾಲೇಜು ಸೇರುವ ಹುಡುಗರಿಗೆ ಎಸ್.ಎ.ಟಿ. ಅಂತ ಒಂದು ಪರೀಕ್ಷೆ ಇದೆ. ಅದರಲ್ಲಿ ಹಿಂದೆ ಪದಗಳ ಜೋಡಿ ಕೊಟ್ಟು ಅದಕ್ಕೆ ಸಮನಾದ ಜೋಡಿ ಹುಡುಕಿ ಅಂತ ಕೇಳೋರು. ಓಟಗಾರನಿಗೆ ಮ್ಯಾರಥಾನ್ ಹೇಗೋ, ಹುಟ್ಟು ಹಾಕುವವನಿಗೆ 'ರಿಗಾಟ' ಹಾಗೆ ಅನ್ನುವ ಒಂದು ಪ್ರಶ್ನೆ ಬಹಳ ಹೆಸರು ಕೆಡಿಸಿಕೊಂಡಿತು. ರಿಗಾಟ ಅಂದರೆ ದೋಣಿ ಪಂದ್ಯ. ದೋಣಿ ಪಂದ್ಯ ನೋಡುತ್ತಾ ಬೆಳೆದ ಸಿರಿವಂತರ ಮಗುವಿಗೆ ಅದು ಬುದ್ಧಿಯ ಪ್ರಶ್ನೆಯೇ ಅಲ್ಲ, ಭಾನುವಾರದ ನೆನಪು. ಹಡ್ಸನ್ ನದಿ ಪಕ್ಕದಲ್ಲೇ ಇದ್ದರೂ ಹಾರ್ಲೆಮ್ಮಿನ ಕರಿಯ ಹುಡುಗನಿಗೆ ಅದು ಗೋಡೆ. 2005ರಲ್ಲಿ ಆ ಜೋಡಿಪದಗಳ ಪ್ರಶ್ನೆಗಳನ್ನೇ ತೆಗೆದರು. 2016ರಲ್ಲಿ ಪರೀಕ್ಷೆಯನ್ನು ಮತ್ತೆ ಬದಲಾಯಿಸಿ, ಯಾರೂ ಬಳಸದ ಪದಗಳನ್ನು ಕೇಳೋದನ್ನು ಕೈಬಿಟ್ಟರು. ನಮ್ಮಲ್ಲಿ ಮಾತ್ರ ಇಂಥ ಪದ ಬಾರದವನಿಗೆ 'ಮೆರಿಟ್ ಇಲ್ಲ' ಅಂತ ಹೇಳೋದು ಇನ್ನೂ ನಿಂತಿಲ್ಲ. ತಮಟೆಗೆ ಹಲಗೆ ಕಾಯಿಸುವುದು ಯಾಕೆ, ಒರಲೆ ಹತ್ತಿದ ಮರ ಯಾವುದು, ಹದ ಆರುವ ಮುಂಚೆ ಯಾವ ಹೊಲ ಬಿತ್ತಬೇಕು ಅಂತ ಯಾರಾದರೂ ಮೆರಿಟ್ ಪರೀಕ್ಷೆ ಮಾಡಿದ್ದು ಕೇಳಿದ್ದೀರಾ?

ಆ ಪಟ್ಟಿಯ 'ಪ' ಅಕ್ಷರದ ಹತ್ತಿರ ಒಂದು ಪದ ಇರುತ್ತೆ. 'ಪರಾಯ'. ಅರ್ಥ: ಎಲ್ಲರೂ ದೂರ ಇಟ್ಟವನು, ಬಹಿಷ್ಕೃತ. ಉದಾಹರಣೆ ವಾಕ್ಯ ಕೊಡುತ್ತಾರೆ, ಯಾವುದೋ ದೇಶ ಜಗತ್ತಿನ ಕಣ್ಣಲ್ಲಿ ಪರಾಯ ಆಯಿತು ಅಂತ. ಹುಡುಗಿ ಉರು ಹೊಡೆಯುತ್ತಾಳೆ. ಇದು ತಮಿಳುನಾಡಿನ ಪರೈಯರ್ ಜಾತಿಯ ಹೆಸರು ಅಂತ ಅವಳಿಗೆ ಗೈಡು ಹೇಳೋದಿಲ್ಲ. ಪರೈ ಅನ್ನುವ ವಾದ್ಯ ಬಡಿಯುವವರು ಅನ್ನುವುದು ಆ ಹೆಸರಿಗೆ ಸಾಮಾನ್ಯವಾಗಿ ಹೇಳುವ ಮೂಲ. 17ನೇ ಶತಮಾನದಲ್ಲೇ ಇಂಗ್ಲಿಷರ ಬರವಣಿಗೆಗೆ ಸೇರಿತು. ಮೊದಲು ಒಂದು ಜಾತಿಯ ಹೆಸರಾಗಿ, ಆಮೇಲೆ ಹೊರಹಾಕಲ್ಪಟ್ಟ ಯಾರಿಗೇ ಆದರೂ ಅನ್ವಯಿಸುವ ಪದವಾಗಿ. ಜೀವಂತ ಮನುಷ್ಯರ ಒಂದು ಸಮುದಾಯವನ್ನು ಎಳೆದು, ಅವರ ಊರು, ಹಾಡು, ವಾದ್ಯ ಎಲ್ಲ ಸುಲಿದು, ಅವಮಾನವನ್ನಷ್ಟೇ ಉಳಿಸಿಕೊಂಡು ಅಂತಾರಾಷ್ಟ್ರೀಯ ಪದ ಮಾಡಿಕೊಂಡರು. ಹಟ್ಟಿಯ ಹುಡುಗಿ ತನ್ನ ನೆಂಟರ ಹೆಸರನ್ನೇ ಕಷ್ಟದ ಇಂಗ್ಲಿಷ್ ಪದ ಅಂತ ಕಲಿತು ಎರಡು ಅಂಕ ತಗೊಳ್ಳುತ್ತಾಳೆ. ಆ ಅಂಕ ಅವಳಿಗೆ ಬರಲಿ. ಜೊತೆಗೆ ಸಿಟ್ಟೂ ಬರಲಿ. ಸಿಟ್ಟು ಬಾರದೆ ಆ ಪದದ ಅರ್ಥ ಪೂರ್ತಿ ಬಂತು ಅಂತ ನಾನು ಒಪ್ಪೋದಿಲ್ಲ.

ಈಗ ಇದಕ್ಕೆ ಉಲ್ಟಾ ನಡೆದ ಒಂದು ಕತೆ. ಐರ್ಲೆಂಡಿನ ಮೇಯೋ ಅನ್ನುವ ಸೀಮೆಯಲ್ಲಿ 1880ರಲ್ಲಿ ಚಾರ್ಲ್ಸ್ ಬಾಯ್ಕಾಟ್ ಅನ್ನುವ ಕ್ಯಾಪ್ಟನ್ ಇದ್ದ. ಒಬ್ಬ ಲಾರ್ಡಿನ ಜಮೀನಿಗೆ ಏಜೆಂಟು. ಬೆಳೆ ಕೆಟ್ಟ ಕಾಲ, ಗೇಣಿ ಇಳಿಸಿ ಅಂತ ಒಕ್ಕಲು ಕೇಳಿದರೆ ಎಬ್ಬಿಸುವ ನೋಟೀಸು ಕಳಿಸಿದ. ಜನ ದೊಣ್ಣೆ ಎತ್ತಲಿಲ್ಲ. ಅವನ ಹೊಲಕ್ಕೆ ಆಳು ಹೋಗಲಿಲ್ಲ, ಮನೆಗೆಲಸದವರು ಬಿಟ್ಟರು, ಅಂಗಡಿಯವನು ಸಾಮಾನು ಕೊಡಲಿಲ್ಲ. ಕೊನೆಗೆ ಸರ್ಕಾರ ಸಿಪಾಯಿಗಳ ಕಾವಲಿನಲ್ಲಿ ಉತ್ತರದಿಂದ ಐವತ್ತು ಜನ ಆಳುಗಳನ್ನು ತರಿಸಿ ಬೆಳೆ ಕೀಳಿಸಿತು. 500 ಪೌಂಡಿನ ಬೆಳೆಗೆ ಸುಮಾರು 10,000 ಪೌಂಡು ಖರ್ಚಾಯಿತು ಅಂತ ಲೆಕ್ಕ ಹೇಳುತ್ತಾರೆ. ಡಿಸೆಂಬರಿನಲ್ಲಿ ಕ್ಯಾಪ್ಟನ್ ಗಂಟುಮೂಟೆ ಕಟ್ಟಿದ.

ಈ ಕೆಲಸಕ್ಕೆ ಒಂದು ಹೆಸರು ಬೇಕಿತ್ತು. ಓದಿದವರ ಹತ್ತಿರ ಒಂದು ಪದ ಸಿದ್ಧವಾಗಿತ್ತು: 'ಆಸ್ಟ್ರಸೈಜ್'. ಗ್ರೀಕ್ ಪದ. ಹಳೆಯ ಅಥೆನ್ಸಿನಲ್ಲಿ ಜನ ಮಡಕೆಯ ಚೂರಿನ ಮೇಲೆ ಒಬ್ಬನ ಹೆಸರು ಗೀಚಿ ಹಾಕೋರು. ಆರು ಸಾವಿರ ಚೂರು ಬಿದ್ದರೆ ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಊರು ಬಿಡಬೇಕು. ನಮ್ಮ ಪರೀಕ್ಷೆಯ ಪಟ್ಟಿಗಳಲ್ಲಿ ಇವತ್ತಿಗೂ ಈ ಪದ ತಪ್ಪದೆ ಬರುತ್ತೆ. ಜೇಮ್ಸ್ ರೆಡ್‌ಪಾತ್ ಅನ್ನುವ ಅಮೆರಿಕದ ಪತ್ರಕರ್ತ ಆಗ ಅಲ್ಲಿದ್ದ. ಆ ಊರಿನ ಪಾದ್ರಿ ಜಾನ್ ಓಮ್ಯಾಲಿಯ ಜೊತೆ ಊಟಕ್ಕೆ ಕೂತಾಗ ಈ ಪದದ ಮಾತು ಬಂತಂತೆ. ಒಕ್ಕಲುಮಕ್ಕಳಿಗೆ ಆಸ್ಟ್ರಸಿಸಂ ಅಂದರೆ ಎಲ್ಲಿ ತಿಳೀಬೇಕು ಅಂದ ರೆಡ್‌ಪಾತ್. ಪಾದ್ರಿ ಸ್ವಲ್ಪ ಯೋಚಿಸಿ, 'ಅವನನ್ನು ಬಾಯ್ಕಾಟ್ ಮಾಡೋದು' ಅಂತಲೇ ಅಂದರಾಯಿತು ಅಂದನಂತೆ. ರೆಡ್‌ಪಾತನೇ ಇದನ್ನು ಬರೆದಿದ್ದಾನೆ. ಒಡೆಯನ ಏಜೆಂಟನ ಹೆಸರನ್ನೇ ಕ್ರಿಯಾಪದ ಮಾಡಿ ಅವನ ತಲೆಗೆ ಕಟ್ಟಿದರು. ಕೆಲವೇ ವಾರಗಳಲ್ಲಿ ಅದು ಪತ್ರಿಕೆಗೆ ಬಂತು, ಕೆಲವೇ ವರ್ಷಗಳಲ್ಲಿ ಎಷ್ಟೋ ಭಾಷೆಗೆ ಹಬ್ಬಿತು. ಆಸ್ಟ್ರಸೈಜ್ ಇನ್ನೂ ಕಷ್ಟದ ಪದಗಳ ಪಟ್ಟಿಯಲ್ಲೇ ಕೊಳೀತಾ ಇದೆ. ಬಾಯ್ಕಾಟ್ ಎಲ್ಲರ ಬಾಯಲ್ಲಿ ಇದೆ.

ಇಲ್ಲಿಗೆ ನಿಲ್ಲಿಸಿದರೆ ಸುಳ್ಳಾಗುತ್ತದೆ. ಆ ಬಡವರ ಆಯುಧವನ್ನು ನಮ್ಮ ಊರುಗಳಲ್ಲಿ ಯಾರು ಯಾರ ಮೇಲೆ ಎತ್ತಿದರು? ಕೇರಿಯವರು ಕೆರೆ ನೀರು ಮುಟ್ಟಿದರು, ಸತ್ತ ದನ ಎತ್ತಲ್ಲ ಅಂದರು, ಮದುವೆ ಮೆರವಣಿಗೆ ಊರೊಳಗೆ ತಂದರು ಅಂತ ಕೂಲಿ ನಿಲ್ಲಿಸಿ, ಅಂಗಡಿ ಮುಚ್ಚಿ, ದಾರಿ ಕಟ್ಟಿ ಮಾಡಿದ್ದಕ್ಕೂ ಅದೇ ಹೆಸರು. ಹೆಸರು ಒಂದೇ ಆದರೂ ಐರ್ಲೆಂಡಿನಲ್ಲಿ ಆಳು ಒಡೆಯನನ್ನು ಬಿಟ್ಟ. ಇಲ್ಲಿ ಒಡೆಯ ಆಳಿನ ಅನ್ನಕ್ಕೆ ಕಲ್ಲು ಹಾಕಿದ. ಅಂಬೇಡ್ಕರ್ ಇದನ್ನು ಕಂಡಿದ್ದರು. ದುಂಡು ಮೇಜಿನ ಪರಿಷತ್ತಿನ ಮುಂದೆ ಇಟ್ಟ ಬೇಡಿಕೆಗಳಲ್ಲಿ ಸಾಮಾಜಿಕ ಬಹಿಷ್ಕಾರವನ್ನು ಶಿಕ್ಷಾರ್ಹ ಅಪರಾಧ ಮಾಡಬೇಕು ಅನ್ನುವುದೂ ಇತ್ತು, ಅದಕ್ಕೆ ಕಾನೂನಿನ ವ್ಯಾಖ್ಯೆಯನ್ನೂ ಸೇರಿಸಿದ್ದರು. 1989ರ ದೌರ್ಜನ್ಯ ತಡೆ ಕಾಯಿದೆಗೆ ಆ ಮಾತು ಸ್ಪಷ್ಟವಾಗಿ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಎಂಬತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಗೈಡಿನಲ್ಲಿ 'ಬಾಯ್ಕಾಟ್ — ಬಹಿಷ್ಕಾರ' ಅಂತ ಒಂದು ಸಾಲು ಓದಿದವನಿಗೆ ಇದರಲ್ಲಿ ಯಾವುದು ಗೊತ್ತಾಯಿತು?

ಇಷ್ಟೆಲ್ಲ ಬೈದ ಮೇಲೆ ಕಷ್ಟದ ಪದದಿಂದ ಒಳ್ಳೆಯದೇ ಇಲ್ಲವೇ ಅಂತ ಕೇಳಬಹುದು. ಇದೆ. ನನ್ನ ಲೇಖನದ ಕಗ್ಗಂಟು ಇರೋದೇ ಇಲ್ಲಿ.

1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಒಂದು ತರಗತಿಯಲ್ಲಿ ಇಪ್ಪತ್ತೈದು ವರ್ಷದ ಭೀಮರಾವ್ ಜಾತಿಗಳ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. ಅದರ ನಡುಗಂಬ ಒಂದು ಗ್ರೀಕ್ ಮೂಲದ ಪದ: 'ಎಂಡಾಗಮಿ'. ಒಳಗೇ ಮದುವೆ. ನಮ್ಮ ಕಡೆ ಇದಕ್ಕೆ 'ಹೆಣ್ಣು ಕೊಡೋದು ತರೋದು' ಅಂತೀವಿ. 'ಅವರಿಗೂ ನಮಗೂ ಕೊಡೋ ತರೋ ಸಂಬಂಧ ಇಲ್ಲ' ಅಂತ ಎಲ್ಲ ಜಾತಿಯವರೂ ಅಂತಾರೆ, ನಾವೂ ಅಂತೀವಿ. ಮಳೆ ಬರುತ್ತೆ ಬಿಸಿಲು ಬರುತ್ತೆ ಅಂದಷ್ಟೇ ಸಹಜವಾಗಿ. ಆ ಸಹಜವಾದ ಮಾತನ್ನೇ ಆಡುತ್ತಾ ಇದ್ದರೆ ಅದರ ಮೇಲೆ ಅನುಮಾನ ಹುಟ್ಟೋದಿಲ್ಲ. ಪರಭಾಷೆಯ ಒಣ ಪದ ಹಾಕಿದ ಕೂಡಲೇ ಅದು ಮೇಜಿನ ಮೇಲೆ ಇಟ್ಟ ವಸ್ತುವಾಯಿತು. ಯಾರು ಮಾಡಿದರು, ಯಾಕೆ ಮಾಡಿದರು, ವಿಧವೆಯನ್ನು ಸುಟ್ಟದ್ದಕ್ಕೂ ಹಸುಳೆಗೆ ತಾಳಿ ಕಟ್ಟಿದ್ದಕ್ಕೂ ಇದಕ್ಕೂ ಏನು ಸಂಬಂಧ ಅಂತ ಅವರು ಕೇಳಿದರು. ಜಾತಿ ದೇವರು ಮಾಡಿದ್ದಲ್ಲ, ಒಳಗೇ ಮದುವೆ ಅನ್ನುವ ಬೇಲಿಯಿಂದ ಆದದ್ದು ಅಂತ ತೋರಿಸಿದರು. ಧಾರವಾಡದ ಹುಡುಗನಿಂದ ನ್ಯಾಯವನ್ನು ದೂರ ಎಳೆದದ್ದೂ ಕಷ್ಟದ ಪದ. ಜಾತಿಯನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು ನೋಡುವಂತೆ ಮಾಡಿದ್ದೂ ಕಷ್ಟದ ಪದವೇ. ತೀರ ಹತ್ತಿರ ಹಿಡಿದರೆ ಅಂಗೈಯೂ ಕಾಣೋದಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ? ನನಗೆ ಕಾಣೋದು ಹೀಗೆ: ಅಧಿಕಾರಿ ಎಳೆದುಕೊಂಡು ಹೋದದ್ದನ್ನು ವಾಪಸು ತರಲಿಲ್ಲ. ಅಂಬೇಡ್ಕರ್ ತಂದರು. ಮಹಾಡಿನ ಕೆರೆಗೆ 1927ರಲ್ಲಿ ತಂದರು. 1936ರಲ್ಲಿ ಲಾಹೋರಿನವರು ಬೇಡ ಅಂದ ಭಾಷಣದಲ್ಲಿ ಅಂತರ್ಜಾತಿ ಮದುವೆಯೇ ಮದ್ದು ಅಂತ ಇಪ್ಪತ್ತು ವರ್ಷದ ಹಿಂದಿನ ಪದಕ್ಕೆ ಎದುರು ಪದ ಇಟ್ಟರು. ದೂರ ಒಯ್ದದ್ದು ಸಾಲ. ತೀರಿಸಿದವನೂ ಇದ್ದಾನೆ, ಮುಳುಗಿಸಿದವನೂ ಇದ್ದಾನೆ. ಎರಡು ಕಡೆಯೂ ಪದ ಒಂದೇ ಜಾತಿಯದು, ನಿಘಂಟಿನಲ್ಲಿ ಪಕ್ಕಪಕ್ಕ ಕೂರುತ್ತದೆ.

ನಮ್ಮ ಚಳವಳಿ ಈ ಪರೀಕ್ಷೆಯಲ್ಲಿ ಪಾಸಾಗಿದೆಯೇ? ಅರ್ಧಂಬರ್ಧ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಅಂದಾಗ ಊರೆಲ್ಲ ಹೊತ್ತಿಕೊಂಡಿತು, ದಲಿತ ವಿದ್ಯಾರ್ಥಿಗಳಿಗೆ ಹೊಡೆತ ಬಿತ್ತು, ಮಂತ್ರಿಗಿರಿ ಹೋಯಿತು. ಅವರು ಬಳಸಿದ್ದು ಕಷ್ಟದ ಪದವೇನಲ್ಲ. ಪ್ರತಿ ಕೊಟ್ಟಿಗೆಯಲ್ಲಿ ಇರುವ ಪದ. ಅದಕ್ಕೇ ಅಷ್ಟು ಚುಚ್ಚಿತು. ಅದನ್ನೇ ಅವರು ವಿಮರ್ಶೆಯ ಪರಿಭಾಷೆಯಲ್ಲಿ ಹೇಳಿದ್ದರೆ ಒಂದು ವಿಚಾರಗೋಷ್ಠಿ ಮಾಡಿ ಕಾಫಿ ಕುಡಿದು ಎದ್ದುಹೋಗುತ್ತಿದ್ದರು. ಆ ಗಲಾಟೆಯ ಕಾವಿನಲ್ಲಿ ದಲಿತ ಚಳವಳಿ ಬೆಳೆಯಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಆಮೇಲೆ ನಾವೇ ಏನು ಮಾಡಿದೆವು? ನಮ್ಮ ಕರಪತ್ರಗಳಲ್ಲಿ ಸಾಂಸ್ಥಿಕ, ಸಂರಚನೆ, ಅಸ್ಮಿತೆ, ಯಜಮಾನಿಕೆ ಅಂತ ತುಂಬಿದೆವು. ಇಂಗ್ಲಿಷಿನ ಕಷ್ಟದ ಪದವನ್ನು ಸಂಸ್ಕೃತದ ಕಷ್ಟದ ಪದ ಮಾಡಿ ಕೇರಿಗೆ ಹಂಚಿದೆವು. ಕೇರಿಯವರು ಅದರಲ್ಲಿ ಕಡಲೆಕಾಯಿ ಕಟ್ಟಿಕೊಂಡರು.

ಇನ್ನೊಂದು ಕಡೆ ಇಂಗ್ಲಿಷನ್ನು ದೇವಿ ಮಾಡಿದವರಿದ್ದಾರೆ. 2010ರಲ್ಲಿ ಉತ್ತರ ಪ್ರದೇಶದ ಬಂಕಾ ಅನ್ನುವ ಹಳ್ಳಿಯಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟರು. ಅದರ ಹಿಂದಿನ ಹಸಿವು ನನಗೆ ಅರ್ಥವಾಗುತ್ತದೆ. ಆದರೆ ದೇವಿ ಅಂದ ಮೇಲೆ ಪೂಜಾರಿ ಬರುತ್ತಾನೆ, ಮಡಿ ಬರುತ್ತೆ, ಹೊಸ್ತಿಲು ಬರುತ್ತೆ. ತಪ್ಪು ಉಚ್ಚಾರ ಮಾಡಿದವನಿಗೆ ಹೊಸ ಮೈಲಿಗೆ ಅಂಟುತ್ತೆ. ಒಂದು ಗುಡಿಯ ಹೊರಗೆ ನಿಂತು ನಿಂತು ಸಾಕಾಗಿರುವ ನಮಗೆ ಇನ್ನೊಂದು ಗುಡಿ ಯಾಕೆ? ಗುದ್ದಲಿಗೆ ಯಾರೂ ಗುಡಿ ಕಟ್ಟಿಸಿಲ್ಲ, ಆದರೂ ಗುದ್ದಲಿ ಇಲ್ಲದ ಮನೆ ಇಲ್ಲ.

ಅರ್ಥವನ್ನು ಅರ್ಧ ತಿಳಿದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಬ್ಯಾನರಿನ ಮೇಲೇ ಸಾಕ್ಷಿ ಇದೆ. 1942ರ ಜುಲೈಯಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ ಮೂರು ಮಾತು: ಎಜುಕೇಟ್, ಅಜಿಟೇಟ್, ಆರ್ಗನೈಜ್. ನಾವು ಬರೆಯೋದು ಶಿಕ್ಷಣ, ಸಂಘಟನೆ, ಹೋರಾಟ. ನಡುವಿನದು ಕೊನೆಗೆ ಹೋಯಿತು! ಅಜಿಟೇಟ್ ಅಂದರೆ ಬೀದಿ ಹೋರಾಟ ಅಂತ ತಿಳಿದೆವು. ಹೋರಾಟಕ್ಕೆ ಮುಂಚೆ ಸಂಘಟನೆ ಬೇಕಲ್ಲ, ಆದ್ದರಿಂದ ಸಾಲು ಬದಲಾಯಿಸಿದೆವು. ಆ ಪದದ ಲ್ಯಾಟಿನ್ ಬೇರು 'ಅಲ್ಲಾಡಿಸು, ಕಲಕು'. ಮೊಸರನ್ನು ಕಡೆಗೋಲಲ್ಲಿ ಕಡೆಯುತ್ತಾರಲ್ಲ, ಅದು. ಓದು ಬಂದ ಮೇಲೆ ಮನಸ್ಸು ಕಲಕಬೇಕು, ಇದ್ದದ್ದು ಇದ್ದಹಾಗೆ ಇರಲಾರದಂತೆ ಆಗಬೇಕು. ಕಡೆದ ಮೇಲೇ ಬೆಣ್ಣೆ ಒಂದು ಕಡೆ ಕೂಡೋದು. ಕಲಕದ ಜನರನ್ನು ಸಂಘಟನೆ ಮಾಡಿದರೆ ಏನು ಸಿಗುತ್ತೆ ಅಂತ ನಮ್ಮ ಸಂಘಟನೆಗಳು ಬಣ ಬಣವಾಗಿ ಒಡೆದದ್ದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಒಡೆಯೋದಕ್ಕೆ ಬೇರೆ ಕಾರಣಗಳೂ ಇದ್ದವು ಅನ್ನಿ. ಆದರೂ ಒಂದು ಪದವನ್ನು ಅದರ ಜಾಗದಿಂದ ಕಿತ್ತು ಕೊನೆಗೆ ಹಾಕಿದ್ದು ಸಣ್ಣ ವಿಷಯವಲ್ಲ.

ಕಾಯಿದೆಯ ಮಾತೂ ಹೀಗೇ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅದಕ್ಕೆ ವ್ಯಾಖ್ಯೆ ಕೊಡಲಿಲ್ಲ. 1955ರ ಕಾಯಿದೆಯೂ ಕೊಡಲಿಲ್ಲ. ಇಂಗ್ಲಿಷ್ ಪಾಠದಲ್ಲಿ ಆ ಪದ ಉದ್ಧರಣ ಚಿಹ್ನೆಯೊಳಗೆ ಇದೆ. 1958ರಲ್ಲಿ ಮೈಸೂರು ಹೈಕೋರ್ಟು ಆ ಎರಡು ಚಿಹ್ನೆಗಳನ್ನೇ ಹಿಡಿದು, ಇಲ್ಲಿ ಹೇಳಿರೋದು ಮುಟ್ಟಬಾರದ್ದು ಅನ್ನುವ ವ್ಯಾಕರಣದ ಅರ್ಥವಲ್ಲ, ಚರಿತ್ರೆಯಲ್ಲಿ ಈ ದೇಶದಲ್ಲಿ ಬೆಳೆದು ಬಂದ ಆಚರಣೆ ಅಂತ ಹೇಳಿತು. ನಿಘಂಟಿನಲ್ಲಿ ಹುಡುಕಬೇಡಿ, ಊರಿನಲ್ಲಿ ಹುಡುಕಿ ಅಂದಂತೆ. ಇನ್ನು ಜೀತ ರದ್ದತಿಯ 1976ರ ಕಾಯಿದೆ ತೆಗೆದು ನೋಡಿ. ಇಂಗ್ಲಿಷಿನ ನಡುವೆ ಮೂವತ್ತರಷ್ಟು ದೇಶೀ ಹೆಸರುಗಳ ಸಾಲಿದೆ, ಅದರಲ್ಲಿ ನಮ್ಮ 'ಜೀತ'ವೂ ಉಂಟು. ಸಾಲಗಾರನಿಗೂ ಒಡೆಯನಿಗೂ ನಡುವೆ ಕರಾರು ಇದೆ ಅಂತ ಸಾಮಾಜಿಕ ರೂಢಿಯೇ ಒಪ್ಪಿಕೊಂಡ ಪದ್ಧತಿಗಳು ಅವು. ಇಂಗ್ಲಿಷಿನ ಯಾವ ದೊಡ್ಡ ಪದವೂ ಸಾಲದೆ ಕಾಯಿದೆ ಬರೆಯುವವರು ಕೊನೆಗೆ ಹಟ್ಟಿಯ ಬಾಗಿಲಿಗೆ ಬಂದು ಪದ ಕೇಳಿಕೊಂಡು ಹೋಗಬೇಕಾಯಿತು.

ಹಳ್ಳಿ ಶಾಲೆಯ ಮೇಷ್ಟ್ರು ಮೇಡಮ್ಮುಗಳಿಗೆ ನನ್ನದೊಂದು ಮಾತು. ದಿನಕ್ಕೆ ಹತ್ತು ಪದ ಬೇಡ, ಎರಡು ಸಾಕು. ಪದವನ್ನು ಬೋರ್ಡಿನ ಮೇಲೆ ಬರೆಯಿರಿ, ಎಲ್ಲಿ ಹುಟ್ಟಿತು ಹೇಳಿ, ಯಾರ ಬೆನ್ನ ಮೇಲೆ ಕೂತು ಬಂತು ಹೇಳಿ. ಸಾಯಂಕಾಲ ಮನೆಗೆ ಹೋಗಿ ನಿಮ್ಮ ಅವ್ವನಿಗೆ ಇದನ್ನು ತಿಳಿಸಿ, ಅವಳು ಏನಂದಳು ಬರೆದುಕೊಂಡು ಬನ್ನಿ ಅನ್ನಿ. ಅವ್ವನಿಗೆ ತಿಳಿಸಲಾಗದಿದ್ದರೆ ಮಗುವಿಗೆ ಇನ್ನೂ ತಿಳಿದಿಲ್ಲ ಅಂತಲೇ ಲೆಕ್ಕ. ಅವ್ವ ಒಂದು ಮಾತು ಕೊಟ್ಟರೆ ಅದನ್ನೂ ಬೋರ್ಡಿನ ಮೇಲೆ ಇಂಗ್ಲಿಷಿನ ಪಕ್ಕದಲ್ಲೇ ಬರೆಯಿರಿ, ಕೆಳಗೆ ಅಲ್ಲ. ಮಕ್ಕಳು ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ ಅಂತ ಹೆದರಬೇಡಿ. ಹೀಗೆ ಕಲಿತ ಪದ ಪರೀಕ್ಷೆ ಮುಗಿದ ಮಾರನೇ ದಿನ ಹಾರಿಹೋಗುವಂಥದ್ದಲ್ಲ.

ಒಂದು ಪದದಲ್ಲಿ ನಾನೇ ಸಿಕ್ಕಿಹಾಕಿಕೊಂಡಿದ್ದೇನೆ. 'ಡಿಗ್ನಿಟಿ'. ಸಂವಿಧಾನದ ಪೀಠಿಕೆಯಲ್ಲಿ ಬಂಧುತ್ವದ ಜೊತೆ ಬರುತ್ತದೆ. ರೋಮಿನಲ್ಲಿ ಅದು ದೊಡ್ಡ ಮನೆತನದವರ ಪದವಿಯ ಹೆಸರಾಗಿತ್ತು. ಅದನ್ನು ಎಲ್ಲರಿಗೂ ಹಂಚಿದ್ದು ಬಹಳ ಈಚೆಗೆ. ಕನ್ನಡದಲ್ಲಿ ಘನತೆ, ಗೌರವ ಅಂತೀವಿ. ಎರಡೂ ತೂಕದ ಮಾತು, ಭಾಷಣಕ್ಕೆ ಸರಿ. ಹಟ್ಟಿಯಲ್ಲಿ ಬಳಕೆಯಲ್ಲಿರೋದು 'ಮರ್ಯಾದೆ'. ಆದರೆ ಮರ್ಯಾದೆಯ ಮೂಲಾರ್ಥ ಎಲ್ಲೆ, ಗಡಿ. 'ಮರ್ಯಾದೆಯಾಗಿ ಹೋಗು' ಅಂತ ಗೌಡ ಅಂದರೆ ನಿನ್ನ ಜಾಗ ತಿಳಿದುಕೋ ಅಂತ. ನಮ್ಮ ಮಾನವನ್ನು ನಮ್ಮ ಗಡಿಯ ಹೆಸರಿನಿಂದಲೇ ಕರೆಯುವಂತಾಗಿದೆ. 'ಮಾನ' ಅನ್ನೋಣ ಅಂದರೆ ಅದನ್ನು ಹೆಂಗಸರ ಸೆರಗಿಗೆ ಕಟ್ಟಿ ಹಾಕಿದ್ದಾರೆ. ಬೇರೆ ಮಾತು ಇದ್ದೇ ಇರಬೇಕು. ನಿಮ್ಮ ಊರ ಕಡೆ, ಜಗಳದಲ್ಲೋ ಹಾಡಿನಲ್ಲೋ ಸಾವಿನ ಮನೆಯಲ್ಲೋ, ಹಿರಿಯ ಹೆಂಗಸರು ಇದಕ್ಕೆ ಏನಂತಾರೆ ಅಂತ ಕೇಳಿ, ಅವರಂದ ಹಾಗೇ, ತಿದ್ದದೆ, ಪತ್ರಿಕೆಗೆ ಬರೆದು ಕಳಿಸಿ.